ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಮೊಲ, ಎಲೆ, ಹವಳ: ಯಾವುದನ್ನು ಹೇಗೆ ಪರೀಕ್ಷಿಸಬೇಕು

ಕ್ರುಯಲ್ಟಿ ಫ್ರೀ, ವೀಗನ್, ಸಸ್ಟೈನಬಲ್. ಸನ್‌ಸ್ಕ್ರೀನ್ ಟ್ಯೂಬಿನ ಮೇಲೆ ಈ ಮೂರು ಪದಗಳು ಯಾವಾಗಲೂ ಅಕ್ಕಪಕ್ಕದಲ್ಲೇ ಇರುತ್ತವೆ. ಹಾಗಾಗಿ ಮೂರೂ ಒಂದೇ ಅರ್ಥದವು ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ತಯಾರಿಕೆಯ ಯಾವುದಾದರೂ ಹಂತದಲ್ಲಿ ಪ್ರಾಣಿಯ ಮೇಲೆ ಪ್ರಯೋಗ ನಡೆಯಿತೇ ಎಂಬುದು ಮೊದಲ ಪ್ರಶ್ನೆ. ಟ್ಯೂಬಿನೊಳಗೆ ಪ್ರಾಣಿಯಿಂದ ಬಂದ ವಸ್ತು ಇದೆಯೇ ಎಂಬುದು ಎರಡನೆಯದು. ಬಳಸಿದ ಮೇಲೆ ನೀರಿಗೂ ಕಸಕ್ಕೂ ಹೋಗುವುದೇನು, ಕಚ್ಚಾವಸ್ತು ಬಂದದ್ದು ಎಲ್ಲಿಂದ ಎಂಬುದು ಮೂರನೆಯದು. ಜೇನುಮೇಣ ಹಾಕಿದ ಸನ್‌ಸ್ಕ್ರೀನ್ ಕ್ರುಯಲ್ಟಿ ಫ್ರೀ ಆಗಿರಬಹುದು, ಆದರೆ ವೀಗನ್ ಅಲ್ಲ. ಪೂರ್ತಿ ಸಸ್ಯಮೂಲದ್ದೇ ಆದ ಕ್ರೀಮಿನ ಒಂದು ಘಟಕವನ್ನು ಮೊಲದ ಮೇಲೆ ಪರೀಕ್ಷಿಸಿರಬಹುದು. ಎರಡರಲ್ಲೂ ಪಾಸಾದದ್ದು ಮರುಬಳಕೆಯೇ ಆಗದ ಟ್ಯೂಬಿನಲ್ಲಿ ಬರಬಹುದು. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ, ಒಂದೊಂದರ ಹಿಂದಿನ ದಾಖಲೆ ಕೇಳಿ ನೋಡಬೇಕು.

ಇದಕ್ಕೆ ಬೇಕಾದದ್ದು ಟ್ಯೂಬು ಮತ್ತು ಅದರ ರಟ್ಟಿನ ಪೆಟ್ಟಿಗೆ, ಅಕ್ಷರ ದೊಡ್ಡದು ಮಾಡಿ ನೋಡಲು ಒಂದು ಫೋನು, ಅರ್ಧ ಗಂಟೆ ಸಮಯ. ಕಂಪನಿಗೆ ಪತ್ರ ಬರೆದರೆ ಉತ್ತರಕ್ಕೆ ಹತ್ತು ದಿನ ಕಾಯಿರಿ.

ಟ್ಯೂಬನ್ನು ಹಿಂದಕ್ಕೆ ತಿರುಗಿಸಿ

ಮುಂಭಾಗದಲ್ಲಿ ಇರುವುದು ಜಾಹೀರಾತು. ಹಿಂಭಾಗದ ಘಟಕಗಳ ಪಟ್ಟಿ ಕಾನೂನಿನ ಪ್ರಕಾರ ಬರೆದದ್ದು, ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಶೇ. 1ಕ್ಕಿಂತ ಹೆಚ್ಚು ಇರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರಬಹುದು.

ಮುಂಭಾಗದಲ್ಲಿ ‘ಮಿನರಲ್’ (ಖನಿಜದ್ದು), ‘ರೀಫ್ ಸೇಫ್’ (ಹವಳಕ್ಕೆ ಹಾನಿಯಿಲ್ಲದ್ದು) ಎಂದು ಬರೆದು, ಪಕ್ಕದಲ್ಲೊಂದು ಮೊಲ ಬಿಡಿಸಿದ ತಿಳಿಗುಲಾಬಿ ಛಾಯೆಯ ಸನ್‌ಸ್ಕ್ರೀನ್ ಕೈಯಲ್ಲಿದೆ ಎಂದುಕೊಳ್ಳಿ. ಹಿಂದಿನ ಪಟ್ಟಿ ಹೀಗಿದೆ: ಆಕ್ವಾ, ಜಿಂಕ್ ಆಕ್ಸೈಡ್, ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನಮೇಟ್, ಗ್ಲಿಸರಿನ್, ಸ್ಕ್ವಾಲೇನ್, ಸ್ಟಿಯರಿಕ್ ಆಸಿಡ್, ಸೆರಾ ಆಲ್ಬಾ, ಸೆಟೈಲ್ ಆಲ್ಕೊಹಾಲ್, ಸ್ಟೈರಿನ್/ಅಕ್ರಿಲೇಟ್ಸ್ ಕೋಪಾಲಿಮರ್, ಹೈಡ್ರೊಲೈಸ್ಡ್ ಸಿಲ್ಕ್, ಮೈಕಾ, ಫಿನಾಕ್ಸಿಎಥನಾಲ್, ಸಿ.ಐ. 77491, ಸಿ.ಐ. 75470.

ಈಗ ಒಂದೊಂದೇ ಓದಿ. ಜಿಂಕ್ ಆಕ್ಸೈಡ್ ಖನಿಜ, ಸರಿ. ಮೂರನೆಯದು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಫಿಲ್ಟರಿನ, ಅಂದರೆ ಬಿಸಿಲಿನ ಕಿರಣ ತಡೆಯುವ ವಸ್ತುವಿನ, ಇನ್ನೊಂದು ಹೆಸರು. ಅಂದರೆ ‘ಮಿನರಲ್’ ಎಂಬುದು ಅರ್ಧ ಸತ್ಯ. ಅಮೆರಿಕದ ಹವಾಯಿಯಲ್ಲಿ ಹವಳದ ರಕ್ಷಣೆಗೆಂದು ಮಾರಾಟಕ್ಕೆ ನಿಷೇಧವಿರುವ ಎರಡು ಫಿಲ್ಟರುಗಳಲ್ಲಿ ಇದೂ ಒಂದಾದ್ದರಿಂದ ‘ರೀಫ್ ಸೇಫ್’ ಎಂಬುದೂ ಬಿದ್ದುಹೋಯಿತು. ಸೆರಾ ಆಲ್ಬಾ ಎಂದರೆ ಜೇನುಮೇಣ. ಹೈಡ್ರೊಲೈಸ್ಡ್ ಸಿಲ್ಕ್ ರೇಷ್ಮೆಯ ಪ್ರೋಟೀನು. ಸಿ.ಐ. ಜೊತೆಗಿನ ಸಂಖ್ಯೆಗಳು ಬಣ್ಣಗಳವು. ಕೊನೆಯ ಸಿ.ಐ. 75470 ಎಂದರೆ ಕಾರ್ಮೈನ್, ಕಾಕಿನೀಲ್ ಎಂಬ ಕೀಟಗಳನ್ನು ಒಣಗಿಸಿ ತೆಗೆಯುವ ಕೆಂಪು ಬಣ್ಣ. ಅದರ ಹಿಂದಿನ ಸಿ.ಐ. 77491 ಕಬ್ಬಿಣದ ಆಕ್ಸೈಡು, ಅದಕ್ಕೂ ಪ್ರಾಣಿಗೂ ಸಂಬಂಧವಿಲ್ಲ. ಸ್ಕ್ವಾಲೇನ್, ಸ್ಟಿಯರಿಕ್ ಆಸಿಡ್, ಗ್ಲಿಸರಿನ್ ಮೂರೂ ಪ್ರಾಣಿಯಿಂದಲೂ ಬರಬಹುದು, ಸಸ್ಯದಿಂದಲೂ ಬರಬಹುದು. ಪಟ್ಟಿ ನೋಡಿ ಹೇಳಲು ಆಗುವುದಿಲ್ಲ, ಕಂಪನಿಯನ್ನೇ ಕೇಳಬೇಕು. ಮೊಲದ ಬಗ್ಗೆ ಈ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ.

ಎರಡು ನಿಮಿಷದ ಓದಿನಲ್ಲಿ ಮುಂಭಾಗದ ಎರಡು ಮಾತು ಸುಳ್ಳಾದವು. ಅದಕ್ಕೇ ಪಟ್ಟಿ ಓದುವುದನ್ನು ಮೊದಲು ಇಟ್ಟಿರುವುದು. ಮುಂದಿನ ಹಂತಗಳಿಗೆ ಸಮಯ ಬೇಕು, ಇಲ್ಲೇ ಬಿದ್ದುಹೋದ ಬ್ರ್ಯಾಂಡಿಗೆ ಅಷ್ಟು ಸಮಯ ಕೊಡಬೇಕಾಗಿಲ್ಲ.

ಮೊಲದ ಹಿಂದೆ ಯಾರಿದ್ದಾರೆ

ಮೊಲದ ಚಿತ್ರವನ್ನು ಯಾರು ಬೇಕಾದರೂ ಬಿಡಿಸಬಹುದು. ವಿನ್ಯಾಸಗಾರರಿಗೆ ಹೇಳಿ ಬರೆಸಿದ ಮೊಲವೂ ಪ್ರಮಾಣಪತ್ರದ ಮೊಲವೂ ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಆದ್ದರಿಂದ ಚಿತ್ರ ನೋಡಿ ತೀರ್ಮಾನಿಸಬೇಡಿ. ಯಾವ ಸಂಸ್ಥೆಯ ಗುರುತು ಎಂದು ಗುರುತಿಸಿ, ಆ ಸಂಸ್ಥೆಯ ಜಾಲತಾಣಕ್ಕೆ ಹೋಗಿ ಬ್ರ್ಯಾಂಡಿನ ಹೆಸರು ಹುಡುಕಿ. ಬ್ರ್ಯಾಂಡಿನ ಜಾಲತಾಣದಲ್ಲಿರುವ ಮುದ್ರೆ ಸಾಲದು.

ಇರುವ ಗುರುತುಗಳಲ್ಲಿ ಬಿಗಿಯಾದದ್ದು ಲೀಪಿಂಗ್ ಬನ್ನಿ. ಅಮೆರಿಕ ಮತ್ತು ಕೆನಡಾದಲ್ಲಿ ಪ್ರಾಣಿಪರ ಸಂಘಟನೆಗಳ ಒಕ್ಕೂಟವೊಂದು ಇದನ್ನು ನಡೆಸುತ್ತದೆ, ಉಳಿದ ಕಡೆ ಬ್ರಿಟನ್ನಿನ ಕ್ರುಯಲ್ಟಿ ಫ್ರೀ ಇಂಟರ್‌ನ್ಯಾಷನಲ್. ಇದರ ಷರತ್ತುಗಳಲ್ಲಿ ಮೂರು ಮುಖ್ಯ. ಕಂಪನಿ ಒಂದು ನಿಗದಿತ ದಿನಾಂಕ ಘೋಷಿಸಿ, ಆಮೇಲೆ ಸಿದ್ಧವಸ್ತುವಿಗಾಗಲಿ ಕಚ್ಚಾವಸ್ತುವಿಗಾಗಲಿ ಪ್ರಾಣಿ ಪ್ರಯೋಗ ಆಗಿಲ್ಲವೆಂದು ತೋರಿಸಬೇಕು. ಕಚ್ಚಾವಸ್ತು ಕೊಡುವವರ ಮೇಲೆ ನಿಗಾ ಇಡುವ ವ್ಯವಸ್ಥೆ ಇರಬೇಕು. ಹೊರಗಿನ ಲೆಕ್ಕಪರಿಶೋಧಕರ ತಪಾಸಣೆಗೆ ಒಪ್ಪಬೇಕು.

ಪ್ರಾಣಿ ಹಕ್ಕುಗಳಿಗಾಗಿ ದುಡಿಯುವ ಪೇಟಾ ಸಂಸ್ಥೆಯ ಪಟ್ಟಿಯಲ್ಲಿ ಎರಡು ದರ್ಜೆ ಇವೆ. ಒಂದು ಪ್ರಾಣಿ ಪ್ರಯೋಗ ಇಲ್ಲ ಎಂಬುದಕ್ಕೆ, ಇನ್ನೊಂದು ಪ್ರಾಣಿ ಪ್ರಯೋಗವೂ ಇಲ್ಲ, ವೀಗನ್ ಕೂಡ ಎಂಬುದಕ್ಕೆ. ಬ್ರ್ಯಾಂಡ್ ಯಾವ ದರ್ಜೆಯಲ್ಲಿದೆ ಎಂದು ನೋಡಿಕೊಳ್ಳಿ, ಎರಡೂ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಈ ಪಟ್ಟಿ ನಿಂತಿರುವುದು ಕಂಪನಿ ತುಂಬಿದ ಪ್ರಶ್ನಾವಳಿ ಮತ್ತು ಸಹಿ ಹಾಕಿದ ಹೇಳಿಕೆಯ ಮೇಲೆ. ಕಾರ್ಖಾನೆಗೆ ಹೋಗಿ ಕಾಗದ ಪತ್ರ ತೆಗೆಸಿ ನೋಡುವ ಕ್ರಮ ಇದರಲ್ಲಿಲ್ಲ. ಸುಳ್ಳು ಹೇಳಿಕೆಗೆ ಸಹಿ ಹಾಕಲು ಕಂಪನಿಗಳು ಹೆದರುತ್ತವೆ, ಹಾಗಾಗಿ ಇದಕ್ಕೂ ಬೆಲೆಯಿದೆ. ಆದರೂ ತೂಗಿ ನೋಡಿದರೆ ಲೀಪಿಂಗ್ ಬನ್ನಿಯ ತೂಕ ಹೆಚ್ಚು.

ಚಿಕ್ಕ ಬ್ರ್ಯಾಂಡುಗಳ ವಿಷಯದಲ್ಲಿ ಒಂದು ಮಾತು. ಪ್ರಮಾಣಪತ್ರಕ್ಕೆ ಕಾಗದದ ಕೆಲಸವೂ ಇದೆ, ಖರ್ಚೂ ಇದೆ. ವರ್ಷದ ಹಿಂದೆ ಶುರುವಾದ ಕಂಪನಿಯ ಬಳಿ ಅದು ಇಲ್ಲದಿದ್ದರೆ ತಕ್ಷಣ ತಳ್ಳಿಹಾಕಬೇಡಿ. ಪತ್ರ ಬರೆದು ಕೇಳಿ. ಉತ್ತರದಲ್ಲಿ ನಿಖರತೆ ಎಷ್ಟಿದೆ ಎಂಬುದರಿಂದ ತುಂಬ ತಿಳಿಯುತ್ತದೆ.

ಕಾನೂನಿನ ಬೇಲಿ ಎಲ್ಲಿಯವರೆಗೆ

ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದಿಗೂ ಅದೇ ವರ್ಷ ತಡೆ ಬಿತ್ತು. 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲೂ ನಿಷೇಧ ಮುಂದುವರಿದಿದೆ. ನಮ್ಮಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕದ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ಇಲ್ಲೇ ತಯಾರಾದ ಟ್ಯೂಬಿನ ಮೇಲೆ ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂದು ಬರೆದರೆ, ಕಂಪನಿ ಕಾನೂನು ಪಾಲಿಸಿದೆ ಎಂದಷ್ಟೇ ಅರ್ಥ. ಅದು ವಿಶೇಷ ಹಿರಿಮೆಯಲ್ಲ.

ಹಾಗಾದರೆ ತೊಂದರೆ ಎಲ್ಲಿ? ಸನ್‌ಸ್ಕ್ರೀನ್ ಮಾಮೂಲಿ ಕ್ರೀಮಿನಂತಲ್ಲ. ಸಾಬೂನು, ಲಿಪ್‌ಸ್ಟಿಕ್‌ಗೆ ಇಲ್ಲದ ಮೂರು ತೊಡಕು ಇದಕ್ಕಿವೆ.

ಮೊದಲನೆಯದು ಚೀನಾ. 2021ರ ಮೇ 1ರಿಂದ ಅಲ್ಲಿ ಸಾಮಾನ್ಯ ಸೌಂದರ್ಯವರ್ಧಕಗಳನ್ನು ಕೆಲವು ಷರತ್ತುಗಳ ಮೇಲೆ ಪ್ರಾಣಿ ಪ್ರಯೋಗವಿಲ್ಲದೆ ಆಮದು ಮಾಡಿಕೊಳ್ಳಬಹುದು. ಈ ಸುದ್ದಿ ಓದಿದವರು ಚೀನಾದ ಸಮಸ್ಯೆ ಮುಗಿಯಿತು ಎನ್ನುತ್ತಾರೆ. ಆದರೆ ಸನ್‌ಸ್ಕ್ರೀನ್, ತಲೆಗೂದಲಿನ ಬಣ್ಣ, ಚರ್ಮ ಬಿಳಿಯಾಗಿಸುವ ಕ್ರೀಮುಗಳು ಅಲ್ಲಿ ‘ವಿಶೇಷ’ ವರ್ಗಕ್ಕೆ ಸೇರಿವೆ, ಆ ಸಡಿಲಿಕೆ ಇವಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಚೀನಾದಲ್ಲಿ ಮಾರುತ್ತೀರಾ’ ಎಂದಲ್ಲ, ‘ಚೀನಾದ ಮುಖ್ಯ ಭೂಭಾಗದ ಅಂಗಡಿಗಳಲ್ಲಿ ಸನ್‌ಸ್ಕ್ರೀನ್ ಮಾರುತ್ತೀರಾ’ ಎಂದು. ಹಾಂಗ್‌ಕಾಂಗಿನಲ್ಲಿ ಮಾರುವುದಕ್ಕೂ, ಗಡಿಯಾಚೆಯಿಂದ ಆನ್‌ಲೈನ್‌ನಲ್ಲಿ ಗ್ರಾಹಕರಿಗೆ ನೇರವಾಗಿ ಕಳಿಸುವುದಕ್ಕೂ ಈ ನಿಯಮ ತಗಲುವುದಿಲ್ಲ.

ಎರಡನೆಯದು ಅಮೆರಿಕ. ಅಲ್ಲಿ ಸನ್‌ಸ್ಕ್ರೀನ್ ಅಂದರೆ ವೈದ್ಯರ ಚೀಟಿ ಬೇಡದ ಔಷಧ. ಅಲ್ಲಿನ ಔಷಧ ಆಡಳಿತ 2019ರಲ್ಲಿ ಹೊರಡಿಸಿದ ಪ್ರಸ್ತಾವದಲ್ಲಿ ಸುರಕ್ಷಿತವೆಂದು ಒಪ್ಪಿದ್ದು ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎರಡನ್ನು ಮಾತ್ರ. 12 ರಾಸಾಯನಿಕ ಫಿಲ್ಟರುಗಳಿಗೆ ಇನ್ನಷ್ಟು ಸುರಕ್ಷತಾ ಮಾಹಿತಿ ಬೇಕೆಂದಿತು, ಆ ಮಾಹಿತಿಯಲ್ಲಿ ಪ್ರಾಣಿಗಳ ಮೇಲಿನ ಅಧ್ಯಯನಗಳೂ ಸೇರಿದ್ದವು.

ಮೂರನೆಯದು ಯುರೋಪು, ಹೆಚ್ಚಿನವರಿಗೆ ಗೊತ್ತೇ ಇಲ್ಲದ್ದು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟವನ್ನು ಯುರೋಪಿನ ಒಕ್ಕೂಟ 2013ರ ಮಾರ್ಚಿನಲ್ಲಿ ಪೂರ್ತಿ ನಿಲ್ಲಿಸಿತು. ಆದರೆ ಅಲ್ಲಿ ರಾಸಾಯನಿಕಗಳಿಗೆ ಇನ್ನೊಂದು ಕಾನೂನಿದೆ, ಅದರ ಉದ್ದೇಶ ಕಾರ್ಖಾನೆಯಲ್ಲಿ ದುಡಿಯುವವರ ಸುರಕ್ಷತೆ ಮತ್ತು ಪರಿಸರ. ಹೋಮೋಸಲೇಟ್ ಮತ್ತು ಎಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್ ಎಂಬ ಎರಡು ಫಿಲ್ಟರುಗಳಿಗೆ ಆ ಕಾನೂನಿನಡಿ ಪ್ರಾಣಿ ಪ್ರಯೋಗ ಮಾಡಬೇಕೆಂದು ಯುರೋಪಿನ ರಾಸಾಯನಿಕ ಸಂಸ್ಥೆ ಹೇಳಿತು. ಅವನ್ನು ತಯಾರಿಸುವ ಜರ್ಮನಿಯ ಸಿಮ್‌ರೈಸ್ ಕಂಪನಿ ಕೋರ್ಟಿಗೆ ಹೋಯಿತು, 2023ರ ನವೆಂಬರಿನಲ್ಲಿ ಸೋತಿತು. ಬರೀ ಸೌಂದರ್ಯವರ್ಧಕಕ್ಕೆಂದೇ ಬಳಸುವ ವಸ್ತುವಾದರೂ ಪ್ರಯೋಗದಿಂದ ವಿನಾಯಿತಿ ಇಲ್ಲ ಎಂಬುದು ಅದರಿಂದ ಗಟ್ಟಿಯಾಯಿತು. ಈ ಎರಡು ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಬ್ರ್ಯಾಂಡ್ ತಪ್ಪು ಮಾಡಿದೆ ಎಂದಲ್ಲ. ಆದರೆ ಅವನ್ನು ಬಳಸುವ ಬ್ರ್ಯಾಂಡ್ ‘ನಮ್ಮ ಕಚ್ಚಾವಸ್ತುವೂ ಕ್ರುಯಲ್ಟಿ ಫ್ರೀ’ ಎಂದರೆ, ಯಾರಿಂದ ಕೊಳ್ಳುತ್ತೀರಿ, ಯಾವ ದಿನಾಂಕದಿಂದ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ, ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಅಳೆಯಲು ಪ್ರಾಣಿ ಬೇಕು ಎಂಬುದು. ಬೇಡ. ಐಎಸ್‌ಒ 24444 ಎಂಬ ವಿಧಾನದಲ್ಲಿ ಅದನ್ನು ಅಳೆಯುವುದು ಸ್ವಯಂಸೇವಕರ ಬೆನ್ನಿನ ಮೇಲೆ, ಪ್ರತಿ ಚದರ ಸೆಂ.ಮೀ.ಗೆ 2 ಮಿಲಿಗ್ರಾಂ ಹಚ್ಚಿ. ಬಿಸಿಲಿಗೆ ತಾಗಿದಾಗ ವಸ್ತು ಚರ್ಮಕ್ಕೆ ಹಾನಿ ಮಾಡುತ್ತದೆಯೇ ಎಂದು ನೋಡಲು ಜೀವಕೋಶಗಳ ಮೇಲಿನ 3ಟಿ3 ಪರೀಕ್ಷೆ ಇದೆ, ಚರ್ಮ ಕೆರಳುತ್ತದೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮದ ಪದರ ಇದೆ. ಸುರಕ್ಷತೆಯನ್ನು ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಿದಾಗ ಇಂಥ ವಿಧಾನಗಳ ಹೆಸರು ಹೇಳುವ ಕಂಪನಿಯಲ್ಲಿ ವಿಷಯ ಬಲ್ಲವರು ಇದ್ದಾರೆ ಎಂದರ್ಥ.

ವೀಗನ್: ಹಸಿರು ಚುಕ್ಕೆ ಸಾಲದು

ಹಸಿರು ಚುಕ್ಕೆ ಸಸ್ಯಾಹಾರಿಗಳಿಗೆ, ವೀಗನ್‌ಗಳಿಗಲ್ಲ. ಆಹಾರದ ನಿಯಮದಲ್ಲೇ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು, ಜೇನು, ಜೇನುಮೇಣ, ಅರಗನ್ನು ಹೊರಗಿಟ್ಟಿದ್ದಾರೆ. ಅದೇ ಚುಕ್ಕೆಯನ್ನು ಕ್ರೀಮಿನ ಮೇಲೆ ನೋಡಿದಾಗಲೂ ಇದು ನೆನಪಿರಲಿ. 2022ರಲ್ಲಿ ಬಂದ ಹಸಿರು ‘ವಿ’ ಆಕಾರದ ಸರ್ಕಾರಿ ವೀಗನ್ ಗುರುತು ಆಹಾರಕ್ಕೆ ಮಾತ್ರ ಸೀಮಿತ.

ಸೌಂದರ್ಯವರ್ಧಕಗಳಿಗೆ ನೋಡಬೇಕಾದದ್ದು ಬ್ರಿಟನ್ನಿನ ವೀಗನ್ ಸೊಸೈಟಿಯ ಸೂರ್ಯಕಾಂತಿ ಗುರುತು. 1944ರಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ಮುದ್ರೆ ಸಿಗುವುದು ಬ್ರ್ಯಾಂಡಿಗಲ್ಲ, ಒಂದೊಂದು ಉತ್ಪನ್ನಕ್ಕೆ. ಒಂದೇ ಬ್ರ್ಯಾಂಡಿನ ಲೋಷನ್‌ಗೆ ಮುದ್ರೆ ಇದ್ದು, ಸ್ಟಿಕ್‌ಗೆ ಇಲ್ಲದಿರಬಹುದು. ಸ್ಟಿಕ್ ಗಟ್ಟಿಯಾಗಿ ನಿಲ್ಲಲು ಮೇಣ ಬೇಕು, ಅಲ್ಲೇ ಜೇನುಮೇಣ ಸೇರಿಕೊಳ್ಳುವುದು. ಕ್ಯಾಂಡೆಲಿಲ್ಲಾ ಅಥವಾ ಕಾರ್ನೌಬಾ ಎಂದಿದ್ದರೆ ಅದು ಸಸ್ಯದ ಮೇಣ. ಯುರೋಪಿನ ವಿ-ಲೇಬಲ್‌ನಲ್ಲಿ ‘ವೆಜಿಟೇರಿಯನ್’ ಮತ್ತು ‘ವೀಗನ್’ ಎರಡು ಬಗೆ ಇವೆ, ಕೆಳಗಿನ ಅಕ್ಷರ ಓದಿ. ಸಾವಯವಕ್ಕೆ ಕೊಡುವ ಕಾಸ್ಮಾಸ್ ಮುದ್ರೆ ಜೇನುಮೇಣವನ್ನು ಒಪ್ಪುತ್ತದೆ, ಹಾಗಾಗಿ ಅದು ವೀಗನ್‌ಗೆ ಸಾಕ್ಷಿಯಲ್ಲ.

ಮುದ್ರೆ ಇಲ್ಲದಿದ್ದರೆ ಪಟ್ಟಿಯೇ ಗತಿ. ನೇರವಾಗಿ ಪ್ರಾಣಿಮೂಲದವು ಎಂದು ಹೇಳಬಹುದಾದ ಹೆಸರುಗಳು: ಸೆರಾ ಆಲ್ಬಾ, ಮೆಲ್, ಪ್ರೊಪೊಲಿಸ್, ರಾಯಲ್ ಜೆಲ್ಲಿ ಇವೆಲ್ಲ ಜೇನುಗೂಡಿನವು. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಸ್ನೇಲ್ ಸೀಕ್ರೀಶನ್ ಫಿಲ್ಟ್ರೇಟ್ ಬಸವನಹುಳುವಿನ ಲೋಳೆ, ಕೊರಿಯಾದ ಚರ್ಮಾರೈಕೆ ಉತ್ಪನ್ನಗಳಲ್ಲಿ ಸಾಮಾನ್ಯ. ಸಿ.ಐ. 75170 ಎಂದರೆ ಗ್ವಾನೀನ್, ಹೊಳಪಿಗಾಗಿ ಮೀನಿನ ಹುರುಪೆಯಿಂದ ತೆಗೆಯುವಂಥದ್ದು. ಕೊಲಾಜೆನ್, ಕೆರಾಟಿನ್ ಕೂಡ ಹೆಚ್ಚಾಗಿ ಪ್ರಾಣಿಯವೇ. ರೇಷ್ಮೆಯ ಬಗ್ಗೆ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನೊಳಗೆ ಹುಳು ಇನ್ನೂ ಇರುತ್ತದೆ, ಅದು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುವ ಮೊದಲೇ ಬಿಸಿಗೆ ಒಡ್ಡಿ ನೂಲು ಬಿಚ್ಚುತ್ತಾರೆ. ‘ಸಿಲ್ಕ್ ಪೌಡರ್’, ‘ಸೆರಿಸಿನ್’ ಎಂಬ ಮೃದುವಾದ ಹೆಸರಿನಲ್ಲಿ ಬಂದರೂ ಅದು ಅದೇ ಗೂಡಿನ ವಸ್ತು.

ಸ್ಕ್ವಾಲೇನ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಚರ್ಮಕ್ಕೆ ಜಿಡ್ಡಾಗದೆ ಹರಡಿಕೊಳ್ಳುವ ಈ ಎಣ್ಣೆಯನ್ನು ಮೊದಲಿನಿಂದ ತೆಗೆಯುತ್ತಿದ್ದದ್ದು ಆಳಸಮುದ್ರದ ಶಾರ್ಕಿನ ಯಕೃತ್ತಿನಿಂದ. ಈಗ ಆಲಿವ್‌ನಿಂದಲೂ, ಕಬ್ಬಿನ ಸಕ್ಕರೆಯನ್ನು ಹುದುಗಿಸಿಯೂ ತೆಗೆಯುತ್ತಾರೆ. ಮೂರಕ್ಕೂ ಪಟ್ಟಿಯಲ್ಲಿ ಒಂದೇ ಹೆಸರು. ಸಸ್ಯಮೂಲದ್ದನ್ನು ಬಳಸುವವರು ಸಾಮಾನ್ಯವಾಗಿ ಅದನ್ನು ಹೇಳಿಕೊಳ್ಳುತ್ತಾರೆ. ಎಲ್ಲೂ ಹೇಳದಿದ್ದರೆ ಕೇಳಿ.

ಸುಮ್ಮನೆ ಹೆದರಿಸುವ ಹೆಸರುಗಳೂ ಇವೆ. ಲ್ಯಾಕ್ಟಿಕ್ ಆಸಿಡ್‌ಗೆ ಹೆಸರು ಬಂದದ್ದು ಹಾಲಿನಿಂದ, ಆದರೆ ಕಾರ್ಖಾನೆಯಲ್ಲಿ ಅದನ್ನು ಸಾಮಾನ್ಯವಾಗಿ ಸಸ್ಯದ ಸಕ್ಕರೆ ಹುದುಗಿಸಿ ಮಾಡುತ್ತಾರೆ. ಸೆಟೈಲ್ ಆಲ್ಕೊಹಾಲ್ ಎಂಬ ಹೆಸರಿನ ಮೂಲ ತಿಮಿಂಗಿಲಕ್ಕಿರುವ ಲ್ಯಾಟಿನ್ ಪದ. ಹಿಂದೆ ಅದು ತಿಮಿಂಗಿಲದ ಎಣ್ಣೆಯಿಂದ ಬರುತ್ತಿತ್ತು, ಈಗ ತಾಳೆ ಅಥವಾ ತೆಂಗಿನ ಎಣ್ಣೆಯಿಂದ. ಶಿಯಾ ಬಟರ್, ಕೋಕೋ ಬಟರ್‌ಗಳಲ್ಲಿ ಬೆಣ್ಣೆ ಇಲ್ಲ.

ಕಂಪನಿಗೆ ಬರೆಯುವ ಪತ್ರ

ಗ್ರಾಹಕ ಸಹಾಯ ವಿಭಾಗಕ್ಕೆ ‘ನಿಮ್ಮದು ಕ್ರುಯಲ್ಟಿ ಫ್ರೀ ಹೌದೇ’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಉಪಯೋಗವಿಲ್ಲ. ಹೌದು, ಇಲ್ಲ ಎಂದು ಮುಗಿಸಲಾಗದ ಪ್ರಶ್ನೆ ಕೇಳಬೇಕು. ಉತ್ಪನ್ನದ ಪೂರ್ತಿ ಹೆಸರು, ಬ್ಯಾಚ್ ಸಂಖ್ಯೆ ಬರೆದು ಇವನ್ನು ಕೇಳಿ:

1. ಯಾವ ದಿನಾಂಕದಿಂದ ನೀವಾಗಲಿ, ತಯಾರಕರಾಗಲಿ, ಕಚ್ಚಾವಸ್ತು ಕೊಡುವವರಾಗಲಿ ಪ್ರಾಣಿ ಪ್ರಯೋಗ ಮಾಡಿಲ್ಲ? ಅದಕ್ಕೆ ಅವರಿಂದ ಲಿಖಿತ ಹೇಳಿಕೆ ಪಡೆದಿದ್ದೀರಾ, ಎಷ್ಟು ದಿನಕ್ಕೊಮ್ಮೆ ನವೀಕರಿಸುತ್ತೀರಿ?
2. ಚೀನಾದ ಮುಖ್ಯ ಭೂಭಾಗದ ಅಂಗಡಿಗಳಲ್ಲಿ ನೀವು ಅಥವಾ ನಿಮ್ಮ ಮಾತೃಸಂಸ್ಥೆ ಸನ್‌ಸ್ಕ್ರೀನ್ ಮಾರುತ್ತೀರಾ?
3. ಗ್ಲಿಸರಿನ್, ಸ್ಟಿಯರಿಕ್ ಆಸಿಡ್, ಸ್ಕ್ವಾಲೇನ್ ಯಾವ ಸಸ್ಯದಿಂದ ಬಂದವು?
4. ಮೈಕಾ (ಹೊಳಪಿಗೆ ಹಾಕುವ ಖನಿಜ, ಅಭ್ರಕ) ಎಲ್ಲಿಯದು? ತಾಳೆಎಣ್ಣೆಯಿಂದ ಬಂದ ಘಟಕಗಳಿಗೆ ಯಾವ ಪ್ರಮಾಣಪತ್ರ?
5. ಟ್ಯೂಬು ಒಂದೇ ಪ್ಲಾಸ್ಟಿಕ್‌ನದ್ದೇ, ಪದರಗಳದ್ದೇ?

ಮೂರನೇ ಪ್ರಶ್ನೆಯಲ್ಲಿ ‘ಸಸ್ಯವೇ, ಪ್ರಾಣಿಯೇ’ ಎಂದು ಕೇಳದೆ ‘ಯಾವ ಸಸ್ಯ’ ಎಂದು ಕೇಳಿರುವುದು ಬೇಕೆಂದೇ. ತಾಳೆ, ತೆಂಗು, ಆಲಿವ್ ಎಂದು ಹೆಸರು ಹೇಳಲು ಆಗದವರು ಕಚ್ಚಾವಸ್ತುವಿನ ಕಾಗದ ತೆಗೆದು ನೋಡಿಲ್ಲ.

ಉತ್ತರ ಓದುವಾಗ ಬಾಲ ನೋಡಿ. ‘ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ, ಕಾನೂನು ಕಡ್ಡಾಯ ಮಾಡಿದ ಕಡೆ ಹೊರತು’ ಎಂದಿದ್ದರೆ, ಕಡ್ಡಾಯವಿರುವ ದೇಶದಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದೇ ಅರ್ಥ. ‘ಸಿದ್ಧ ಉತ್ಪನ್ನವನ್ನು ಪರೀಕ್ಷಿಸುವುದಿಲ್ಲ’ ಎಂದರೆ ಕಚ್ಚಾವಸ್ತುವಿನ ಮಾತು ಬಿಟ್ಟಿದ್ದಾರೆ. ‘ನಾವು ಮಾಡುವುದಿಲ್ಲ’ ಎಂದಷ್ಟೇ ಇದ್ದರೆ ಬೇರೆಯವರಿಂದ ಮಾಡಿಸುತ್ತಿರಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂದರೆ ಅದೇ ಪ್ರಶ್ನೆಯನ್ನು ಒಮ್ಮೆ ಮತ್ತೆ ಕೇಳಿ. ಎರಡನೇ ಸಲವೂ ಹಾರಿಕೆ ಉತ್ತರವೇ ಆದರೆ ಆ ಬ್ರ್ಯಾಂಡ್ ಬಿಟ್ಟುಬಿಡಿ.

ಟ್ಯೂಬಿನ ಮೇಲೆ ‘ತಯಾರಿಸಿದವರು’ ಮತ್ತು ‘ಮಾರಾಟ ಮಾಡುವವರು’ ಎಂದು ಎರಡು ಹೆಸರಿವೆಯೇ ನೋಡಿ. ಆನ್‌ಲೈನ್‌ನಲ್ಲಿ ಮಾರುವ ಅನೇಕ ಬ್ರ್ಯಾಂಡುಗಳಿಗೆ ಸ್ವಂತ ಕಾರ್ಖಾನೆ ಇಲ್ಲ, ಗುತ್ತಿಗೆಗೆ ಮಾಡಿಸುತ್ತವೆ. ಅಂಥ ಕಡೆ ಮೊದಲ ಪ್ರಶ್ನೆಗೆ ಕಾರ್ಖಾನೆಯ ಲಿಖಿತ ಹೇಳಿಕೆಯೂ ಬೇಕು.

ಪರಿಸರ: ಹವಳದಿಂದ ತಾಳೆಯವರೆಗೆ

‘ರೀಫ್ ಸೇಫ್’ ಎಂಬುದಕ್ಕೆ ಅಮೆರಿಕದಲ್ಲಾಗಲಿ ನಮ್ಮಲ್ಲಾಗಲಿ ಕಾನೂನಿನ ವ್ಯಾಖ್ಯೆ ಇಲ್ಲ. ಅಳತೆಗೋಲು ಬೇಕೆಂದರೆ ನಿಷೇಧ ತಂದಿರುವ ಪ್ರದೇಶಗಳ ಪಟ್ಟಿಯನ್ನೇ ಹಿಡಿಯಿರಿ. ಹವಾಯಿ 2021ರ ಜನವರಿ 1ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನುಗಳ ಮಾರಾಟ ನಿಲ್ಲಿಸಿತು. ಪೆಸಿಫಿಕ್ಕಿನ ಪಲೌ ದೇಶ ಅದಕ್ಕೂ ಒಂದು ವರ್ಷ ಮೊದಲೇ 10 ಘಟಕಗಳನ್ನು ನಿಷೇಧಿಸಿತು, ಅದರಲ್ಲಿ ಆಕ್ಟೋಕ್ರೈಲೀನ್ ಕೂಡ ಇದೆ. ಥಾಯ್ಲೆಂಡ್ 2021ರಲ್ಲಿ ತನ್ನ ಸಮುದ್ರ ಉದ್ಯಾನಗಳಲ್ಲಿ ನಾಲ್ಕು ಘಟಕಗಳಿಗೆ ತಡೆ ಹಾಕಿತು. ಪಟ್ಟಿಯಲ್ಲಿ ಬೆಂಜೋಫಿನೋನ್-3 ಎಂದಿದ್ದರೆ ಅದೇ ಆಕ್ಸಿಬೆಂಜೋನ್. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರು, ಲಕ್ಷದ್ವೀಪ, ಅಂಡಮಾನಿಗೆ ಹೊರಟವರು ಈ ಹೆಸರುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಅಲ್ಲೆಲ್ಲ ಹವಳವಿದೆ.

ಹವಳ ಬಿಳಿಚಿಕೊಳ್ಳಲು ದೊಡ್ಡ ಕಾರಣ ಸಮುದ್ರ ಬಿಸಿಯಾಗುತ್ತಿರುವುದು, ಸನ್‌ಸ್ಕ್ರೀನ್ ಬಿಟ್ಟ ಕೂಡಲೇ ಹವಳ ಉಳಿಯುತ್ತದೆ ಎನ್ನುವ ಜಾಹೀರಾತನ್ನು ನಂಬಬೇಡಿ. ಜಿಂಕ್ ಆಕ್ಸೈಡ್ ಕೂಡ ಪ್ರಮಾಣ ಹೆಚ್ಚಾದರೆ ಜಲಚರಗಳಿಗೆ ವಿಷವೇ. ಬಿಸಿಲಲ್ಲಿ ಈಜುವವರಿಗೆ ನಾವು ಹೇಳುವ ಮೊದಲ ಮಾತು ಪೂರ್ತಿ ತೋಳಿನ ಈಜುಡುಗೆ. ಮೈ ಮುಚ್ಚಿದಷ್ಟೂ ಹಚ್ಚಬೇಕಾದ ಕ್ರೀಮು ಕಡಿಮೆ, ನೀರಿಗೆ ಹೋಗುವುದೂ ಕಡಿಮೆ.

‘100% ಮಿನರಲ್’ ಎಂದಿರುವ ಟ್ಯೂಬಿನಲ್ಲಿ ಬ್ಯೂಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್ ಇದೆಯೇ ನೋಡಿ. ಅಧಿಕೃತ ಫಿಲ್ಟರುಗಳ ಪಟ್ಟಿಯಲ್ಲಿ ಅದಿಲ್ಲ, ಆದರೆ ರಚನೆಯಲ್ಲಿ ಎಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್‌ನ ಹತ್ತಿರದ ಬಳಗ. ಎಸ್‌ಪಿಎಫ್ ಏರಿಸಲೆಂದು ಸೇರಿಸುತ್ತಾರೆ. ಮೇಲಿನ ಪಟ್ಟಿಯಲ್ಲಿ ಕಂಡ ಸ್ಟೈರಿನ್/ಅಕ್ರಿಲೇಟ್ಸ್ ಕೋಪಾಲಿಮರ್ ಕೂಡ ಅದೇ ಕೆಲಸಕ್ಕೆ ಬರುವ ಕೃತಕ ಪಾಲಿಮರ್. ನೈಲಾನ್-12, ಪಾಲಿಎಥಿಲೀನ್ ಎಂದು ಕಂಡರೂ ಗುರುತು ಹಾಕಿಕೊಳ್ಳಿ. ಬೇಕೆಂದೇ ಸೇರಿಸುವ ಸೂಕ್ಷ್ಮ ಪ್ಲಾಸ್ಟಿಕ್‌ಗೆ ಯುರೋಪು 2023ರಲ್ಲಿ ಕಡಿವಾಣ ಹಾಕಲು ಶುರುಮಾಡಿದೆ.

ಹೊಳಪಿನ ಸನ್‌ಸ್ಕ್ರೀನಿನಲ್ಲಿರುವ ಮೈಕಾ ನಮ್ಮದೇ ದೇಶದ ಜಾರ್ಖಂಡ್, ಬಿಹಾರದ ಗಣಿಗಳಿಂದ ಬಂದದ್ದಿರಬಹುದು. ಅಲ್ಲಿ ಮಕ್ಕಳು ಬಿಲಗಳಿಗೆ ಇಳಿದು ಮೈಕಾ ಹೆಕ್ಕುವುದು ವರ್ಷಗಳಿಂದ ವರದಿಯಾಗುತ್ತಿದೆ. ಮಗುವಿನ ದುಡಿಮೆಯಿಂದ ಬಂದ ಹೊಳಪನ್ನು ‘ಸಸ್ಟೈನಬಲ್’ ಎಂದು ಕರೆಯಲಾಗದು. ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್ ಎಂದಿದ್ದರೆ ಅದು ಕಾರ್ಖಾನೆಯಲ್ಲಿ ಮಾಡಿದ ಮೈಕಾ.

ತಾಳೆಎಣ್ಣೆಯನ್ನು ಪರಿಸರಕ್ಕೆ ಹೊರೆಯಾಗದಂತೆ ಬೆಳೆದಿದ್ದಾರೆ ಎಂಬುದಕ್ಕೆ ಆರ್‌ಎಸ್‌ಪಿಒ ಪ್ರಮಾಣಪತ್ರ ಇದೆ, ಅದರಲ್ಲೂ ದರ್ಜೆಗಳಿವೆ. ‘ಸೆಗ್ರಿಗೇಟೆಡ್’ ಎಂದರೆ ಪ್ರಮಾಣಿತ ಎಣ್ಣೆಯನ್ನು ಬೇರೆಯಾಗಿಯೇ ಇಟ್ಟಿದ್ದಾರೆ. ‘ಮಾಸ್ ಬ್ಯಾಲೆನ್ಸ್’ ಎಂದರೆ ಮಾಮೂಲಿ ಎಣ್ಣೆಯ ಜೊತೆ ಬೆರೆತಿದೆ, ಲೆಕ್ಕ ಮಾತ್ರ ಸರಿ ಇಟ್ಟಿದ್ದಾರೆ. ಬಿ ಕಾರ್ಪ್ ಮುದ್ರೆ ಇಡೀ ಕಂಪನಿಯ ನಡವಳಿಕೆಗೆ ಸಿಗುವಂಥದ್ದು, ಕೈಯಲ್ಲಿರುವ ಟ್ಯೂಬಿಗಲ್ಲ.

‘ನಾವು ಬಳಸಿದಷ್ಟು ಪ್ಲಾಸ್ಟಿಕ್ ವಾಪಸ್ ಸಂಗ್ರಹಿಸುತ್ತೇವೆ’ ಎಂಬ ಘೋಷಣೆ ಈಚೆಗೆ ಹೆಚ್ಚಾಗಿದೆ. 2022ರ ಫೆಬ್ರವರಿಯ ನಿಯಮದ ಪ್ರಕಾರ ಪ್ಲಾಸ್ಟಿಕ್ ಪ್ಯಾಕಿನಲ್ಲಿ ಮಾರುವ ಬ್ರ್ಯಾಂಡುಗಳಿಗೆ ಆ ಹೊಣೆ ಇದ್ದೇ ಇದೆ, ಅವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿ ಸಂಖ್ಯೆ ಕೇಳಿ. ಕಾನೂನಿನ ಗುರಿಗಿಂತ ಎಷ್ಟು ಹೆಚ್ಚು ಮಾಡಿದ್ದೀರಿ ಎಂದೂ ಕೇಳಿ.

ಆಧಾರವಿಲ್ಲದೆ ಇಂಥ ಮಾತು ಬರೆಯುವುದು ಈಗ ನಿಯಮಕ್ಕೆ ವಿರುದ್ಧ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ‘ಇಕೋ ಫ್ರೆಂಡ್ಲಿ’, ‘ಸಸ್ಟೈನಬಲ್’, ‘ಕ್ರುಯಲ್ಟಿ ಫ್ರೀ’ಯಂಥ ಪದಗಳನ್ನು ಬಳಸುವವರು ಅದಕ್ಕೆ ಪುರಾವೆ ಇಟ್ಟುಕೊಂಡು, ಗ್ರಾಹಕರಿಗೆ ಸಿಗುವಂತೆ ಮಾಡಬೇಕು. ಪತ್ರಕ್ಕೆ ಉತ್ತರವೇ ಬರದಿದ್ದರೆ ಟ್ಯೂಬಿನ ಎರಡೂ ಬದಿಯ ಫೋಟೊ, ಜಾಲತಾಣದ ಸ್ಕ್ರೀನ್‌ಶಾಟ್, ನೀವು ಕಳಿಸಿದ ಪತ್ರ ಮೂರನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೊನೆಗೆ ಖಾಲಿ ಟ್ಯೂಬು

ಟ್ಯೂಬಿನ ಬುಡದಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದೆ. 1, 2, 5 ಇದ್ದರೆ ಗುಜರಿಯವರಿಗೆ ಬೇಕಾದ ಪ್ಲಾಸ್ಟಿಕ್. 7 ಎಂದರೆ ಬೆರಕೆ, ಅದಕ್ಕೆ ಕೊಳ್ಳುವವರು ಸಿಗುವುದು ಕಷ್ಟ. ಸಂಖ್ಯೆ ಇಲ್ಲದಿದ್ದರೆ ಟ್ಯೂಬನ್ನು ಬೆರಳಲ್ಲಿ ಒತ್ತಿ ಬಿಡಿ. ಒಂದೇ ಪ್ಲಾಸ್ಟಿಕ್‌ನದ್ದಾದರೆ ಉಬ್ಬಿ ಮೊದಲಿನಂತಾಗುತ್ತದೆ. ತಗ್ಗು ಹಾಗೇ ಉಳಿದರೆ ಒಳಗೆ ಅಲ್ಯೂಮಿನಿಯಂ ಪದರ ಇರುವ ಸಂಭವ ಹೆಚ್ಚು. ಕತ್ತರಿಸಿದಾಗ ಅಂಚಿನಲ್ಲಿ ಬೆಳ್ಳಿ ಗೆರೆ ಕಂಡರೆ ಖಚಿತ. ಕಾಗದದ ಟ್ಯೂಬು ಎಂದು ಮಾರುವುದರ ಒಳಮೈಯಲ್ಲೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕ್ರೀಮು ಸೋರುತ್ತದೆ. ಪಂಪಿನ ಬಾಟಲಿಯಾದರೆ ಪಂಪಿನೊಳಗೆ ಲೋಹದ ಸ್ಪ್ರಿಂಗ್ ಇರಬಹುದು, ತಿರುಗಿಸಿ ತೆಗೆದು ಬೇರೆ ಹಾಕಿ.

ಅಳತೆಯೂ ಮುಖ್ಯ. ಮುಖಕ್ಕೆ ಒಂದು ಸಲಕ್ಕೆ ಸುಮಾರು 1ರಿಂದ 1.2 ಗ್ರಾಂ ಬೇಕು, ತೋರುಬೆರಳು ಮತ್ತು ಮಧ್ಯದ ಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬು ಸುಮಾರು 45 ದಿನ ಬರುತ್ತದೆ. ಅಂದರೆ ದಿನಕ್ಕೊಮ್ಮೆ ಹಚ್ಚುವವರಿಗೂ ವರ್ಷಕ್ಕೆ ಎಂಟು ಟ್ಯೂಬು, ಎಂಟು ಮುಚ್ಚಳ, ಎಂಟು ರಟ್ಟಿನ ಪೆಟ್ಟಿಗೆ. ಒಗ್ಗಿದ ಸನ್‌ಸ್ಕ್ರೀನ್ ಸಿಕ್ಕ ಮೇಲೆ 100 ಅಥವಾ 200 ಗ್ರಾಂ ಪ್ಯಾಕಿಗೆ ಹೋಗಿ. ಆದರೆ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಎಂದಿರುವುದು ನೋಡಿ, ಅಷ್ಟು ತಿಂಗಳೊಳಗೆ ಮುಗಿಸಬೇಕು.

ಒತ್ತಿದರೆ ಏನೂ ಬರುತ್ತಿಲ್ಲ ಎಂದಾದಾಗ ಟ್ಯೂಬನ್ನು ನಡುವೆ ಅಡ್ಡಕ್ಕೆ ಕತ್ತರಿಸಿ. ಗೋಡೆಗೆ ಅಂಟಿದ್ದು ಇನ್ನೂ ಕೆಲವು ದಿನಕ್ಕೆ ಬರುತ್ತದೆ. ಒಂದು ಅರ್ಧವನ್ನು ಇನ್ನೊಂದರೊಳಗೆ ತೂರಿಸಿಟ್ಟರೆ ಒಣಗುವುದಿಲ್ಲ. ಮುಗಿದ ಮೇಲೆ ಉಳಿದ ಜಿಡ್ಡನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದಷ್ಟೂ ಬಚ್ಚಲಿಗೆ ಹೋಗುತ್ತದೆ. ಆಮೇಲೆ ತೊಳೆದು ಒಣಗಿಸಿ, ಮುಚ್ಚಳ ಬೇರೆ ಮಾಡಿ ಒಣ ಕಸಕ್ಕೆ ಹಾಕಿ. ಬೆಂಗಳೂರಿನಲ್ಲಾದರೆ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರಕ್ಕೆ ನೇರವಾಗಿ ಕೊಡಬಹುದು.